ಕುರಿಯಾಟದ ಸರದಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಗೆ ಕೂಗಳತೆಯಲ್ಲಿದ್ದ ತಂಗಡಿಪಾಳ್ಯದ ಶಾಲೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಬಾಯಿಲೆಕ್ಕದ ಸಾಲು ನಿಲ್ಲುತ್ತಿತ್ತು. ನಾಲ್ಕನೆಯ ತರಗತಿಯ ಮಕ್ಕಳು ಗೋಡೆಗೆ ಬೆನ್ನುಕೊಟ್ಟು ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ಮಹಾರಾಜರ ಪಟದ ಕೆಳಗಿನ ಜಾಗ ಸಾಲಿನ ತಲೆ. ಬಾಗಿಲ ಪಕ್ಕದ ಜಾಗ ಸಾಲಿನ ಬಾಲ. ಹೆಡ್‌ಮೇಷ್ಟರಾದ ಪರ್ವತಯ್ಯನವರು ಕೇಳಿದ ಪ್ರಶ್ನೆ ಬಾಲದಿಂದ ಹೊರಟು ತಲೆಯ ಕಡೆಗೆ ಸಾಗುತ್ತಿತ್ತು. ಹಿಂದುಳಿದವನಿಗೇ ಮೊದಲ ಅವಕಾಶ ಸಿಗಬೇಕೆಂಬುದು ಅವರ ತತ್ವ. ಒಂದು ಮಗು ಸೋತರೆ ಪ್ರಶ್ನೆ ಅದರ ಮುಂದಿನ ಮಗುವಿಗೆ ದಾಟುತ್ತಿತ್ತು. ಸರಿಯಾದ ಉತ್ತರ ಹೇಳಿದ ಮಗು ತನಗಿಂತ ಕೆಳಗೆ ನಿಂತು ಸೋತವರೆಲ್ಲರ ಮೂಗನ್ನು ಎಡಗೈಯಿಂದ ಹಿಡಿದು, ಬಲಗೈಯಿಂದ ಕೆನ್ನೆಗೆ ಹೊಡೆದು, ಆಮೇಲೆ ಹೋಗಿ ಸಾಲಿನ ತಲೆಯಲ್ಲಿ ನಿಲ್ಲಬೇಕು. ಹೊಡೆತ ಮೆತ್ತಗಾಯಿತೆಂದು ಕಂಡರೆ, ಹೊಡೆತವೆಂದರೆ ಹೇಗಿರಬೇಕೆಂಬುದನ್ನು ಪರ್ವತಯ್ಯನವರು ಹೊಡೆದ ಮಗುವಿನ ಕೆನ್ನೆಯ ಮೇಲೆಯೇ ತೋರಿಸಿಕೊಡುತ್ತಿದ್ದರು.

ಅವರು ಕ್ರೂರಿಯಾಗಿರಲಿಲ್ಲ. ಅವರು ಕಲಿತ ಶಾಲೆಯಲ್ಲಿಯೂ ಇದೇ ಸಾಲು ಇತ್ತು. ಅವರ ಗುರುಗಳ ಶಾಲೆಯಲ್ಲಿಯೂ ಇತ್ತು. ಕಾಲು, ಅರೆ, ಮುಕ್ಕಾಲು ಮಗ್ಗಿಗಳು ತಂಗಡಿಪಾಳ್ಯದ ಮಕ್ಕಳಿಗೆ ಬರುವಷ್ಟು ಚೆನ್ನಾಗಿ ಸುತ್ತಿನ ಯಾವ ಶಾಲೆಯ ಮಕ್ಕಳಿಗೂ ಬರುವುದಿಲ್ಲವೆಂದು ಅವರು ನಂಬಿದ್ದರು, ಮತ್ತು ಆ ನಂಬಿಕೆ ಬಹುಮಟ್ಟಿಗೆ ಸರಿಯಾಗಿತ್ತು.

ಸಾಲಿನ ಬಾಲದಲ್ಲಿ ನಿಲ್ಲುತ್ತಿದ್ದವನು ಕ್ಯಾತಪ್ಪ. ಊರಾಚೆ ಕಳ್ಳಿಬೇಲಿಯೊಳಗಿದ್ದ ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಅವನು ಆ ಹಟ್ಟಿಯಿಂದ ನಾಲ್ಕನೆಯ ತರಗತಿಯವರೆಗೆ ಬಂದ ಮೊದಲ ಹುಡುಗ. ಪ್ರಶ್ನೆ ಅವನಿಂದಲೇ ಹೊರಡುತ್ತಿತ್ತು. ಅವನು ಬಾಯಿ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತವರು ಉತ್ತರ ಹೇಳಿ ಅವನ ಕೆನ್ನೆಗೆ ಹೊಡೆದು ತಲೆಗೆ ಹೋಗುತ್ತಿದ್ದರು. ಮುಂದಿನ ಪ್ರಶ್ನೆ ಮತ್ತೆ ಅವನಿಂದಲೇ ಹೊರಡುತ್ತಿತ್ತು; ಈಗ ಪಕ್ಕಕ್ಕೆ ಬಂದಿರುವ ಇನ್ನೊಬ್ಬರು ಹೊಡೆಯುತ್ತಿದ್ದರು. ಹೀಗೆ ಒಂದು ಬೆಳಗಿನಲ್ಲಿ ತರಗತಿಯ ಬಹುಪಾಲು ಕೈಗಳು ಒಂದೇ ಕೆನ್ನೆಯ ಮೇಲೆ ಬೀಳುತ್ತಿದ್ದವು. ಅದನ್ನು ವಿಚಿತ್ರವೆಂದು ಯಾರೂ ಭಾವಿಸಿರಲಿಲ್ಲ. ದಡ್ಡನಿಗೆ ಏಟು ಬೀಳುವುದು ಸಹಜವೆಂದು ಎಲ್ಲರೂ ತಿಳಿದಿದ್ದರು.

ಆ ವರ್ಷ ಕೊರಟಗೆರೆಯಿಂದ ಬಂದ ಎರಡನೆಯ ಉಪಾಧ್ಯಾಯಿನಿ ಸರ್ವಮಂಗಳಾ ಅವನನ್ನು ದಡ್ಡನೆಂದು ಒಪ್ಪಲಿಲ್ಲ. ಯುದ್ಧದ ಕಾಲ, ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಬಂದಿಳಿದ ಅವಳಿಗೆ ಬಿದಿರು ತಟ್ಟಿಯ ಆಚೆಗಿನ ಚಿಕ್ಕ ತರಗತಿಗಳನ್ನು ಒಪ್ಪಿಸಲಾಗಿತ್ತು. ಮಧ್ಯಾಹ್ನ ನಾಲ್ಕನೆಯ ತರಗತಿಗೆ ಕನ್ನಡವನ್ನೂ ಅವಳೇ ಹೇಳಿಕೊಡುತ್ತಿದ್ದಳು. ಕ್ಯಾತಪ್ಪನ ಸ್ಲೇಟಿನ ಮೇಲಿನ ಲೆಕ್ಕಗಳು ಯಾವಾಗಲೂ ಸರಿಯಿರುವುದನ್ನು ಅವಳು ಗಮನಿಸಿದ್ದಳು. ಸ್ಲೇಟಿನಲ್ಲಿ ಗೊತ್ತಿರುವುದು ಶನಿವಾರದ ಬೆಳಿಗ್ಗೆ ಮಾತ್ರ ಮರೆತುಹೋಗಲು ಕಾರಣವೇನಿರಬಹುದು?

ಒಮ್ಮೆ ಅವನನ್ನೇ ಕೇಳಿದಳು. "ಕ್ಯಾತಪ್ಪ, ನಿನಗೆ ಉತ್ತರ ಗೊತ್ತಿರೋದಿಲ್ವಾ?"

"ಗೊತ್ತಿರ್ತದೆ ಅಮ್ಮೋರೆ."

"ಮತ್ತೆ?"

"ಬಾಯಿಗೆ ಬರಾಕಿಲ್ಲ."

ಅವಳು ಅದನ್ನು ಹೆಡ್‌ಮೇಷ್ಟರ ಭಯವೆಂದು ತಿಳಿದಳು. ಆ ಊಹೆ ತಪ್ಪಾಗಿತ್ತು. ನಿಜವಾದ ಕಾರಣ ಅವಳು ಬರುವುದಕ್ಕೆ ಮುಂಚೆ ನಡೆದ ಒಂದು ಘಟನೆ. ಒಂದು ಶನಿವಾರ ಕ್ಯಾತಪ್ಪ ಬಾಲದಲ್ಲಿ ನಿಂತೇ ಉತ್ತರ ಹೇಳಿ, ಇಡೀ ಸಾಲನ್ನು ದಾಟಿ, ಮಹಾರಾಜರ ಪಟದ ಕೆಳಗೆ ಹೋಗಿ ನಿಂತಿದ್ದ. ಅಲ್ಲಿಯವರೆಗೆ ಅಲ್ಲಿ ನಿಂತಿದ್ದವನು ಪಟೇಲರ ಮಗ ಓಬಳೇಶ. ಅವನು ಪಕ್ಕಕ್ಕೆ ಸರಿಯುತ್ತ ತುಟಿ ಅಲುಗಿಸದೆ, "ಇಸ್ಕೂಲ್ ಬುಟ್ಮ್ಯಾಲೆ ಕೆರೆ ಏರಿ ಮ್ಯಾಲೆ ಸಿಕ್ತೀಯ ಕಣ್ಲಾ" ಎಂದಿದ್ದ. ಹಟ್ಟಿಗೆ ಹೋಗಲು ಬೇರೆ ದಾರಿಯಿರಲಿಲ್ಲ. ಅಂದು ಮಧ್ಯಾಹ್ನ ಕೆರೆಯ ಏರಿಯ ಮೇಲೆ ಕುರಿಯಾಟ ಹುಟ್ಟಿತು.

ಸರ್ವಮಂಗಳಾ ಆ ಆಟವನ್ನು ಮೊದಲು ನೋಡಿದ್ದು ಊರಿನಿಂದ ಬಸ್ಸಿನಲ್ಲಿ ಕಳಿಸಿದ್ದ ಒಂದು ಗಂಟು ಬಂತೇ ಎಂದು ಕೇಳಲು ರಸ್ತೆಗೆ ಹೋಗಿ ಹಿಂತಿರುಗುವಾಗ. ಏರಿಯ ಮೇಲೆ ಮಕ್ಕಳ ಗುಂಪು ಕೇಕೆ ಹಾಕುತ್ತಿತ್ತು. ಕ್ಯಾತಪ್ಪ ಅಂಗೈ ಮೊಣಕಾಲುಗಳನ್ನು ನೆಲಕ್ಕೂರಿದ್ದ; ಅವನ ಕಂಬಳಿಯನ್ನು ಅವನ ಬೆನ್ನಿಗೇ ಹೊದೆಸಿ ಹೊಟ್ಟೆಯ ಕೆಳಗೆ ಗಂಟು ಹಾಕಲಾಗಿತ್ತು. ಓಬಳೇಶ ಕೋಲು ಹಿಡಿದು ಹಿಂದೆ ನಡೆಯುತ್ತಿದ್ದ. ಅವನ ಗೆಳೆಯ ಬೊಮ್ಮಪ್ಪ ಮುಂದೆ ನಿಂತು ಒಂದು ಹಿಡಿ ಹುಲ್ಲು ಆಡಿಸುತ್ತಿದ್ದ.

"ಏಮ್ರಾ ಗೊರ್ರೆ, ಮೇಯಲ್ವಾ?" ಎಂದ ಬೊಮ್ಮಪ್ಪ. ಅವನ ಮನೆಮಾತು ತೆಲುಗು; ಗೊರ್ರೆಯೆಂದರೆ ಕುರಿ.

"ಬ್ಯಾ ಅನ್ಲಾ, ಆಮ್ಯಾಲೆ ಮೇಯ್ತದೆ," ಎಂದ ಓಬಳೇಶ.

"ಬ್ಯಾ" ಎಂದ ಕ್ಯಾತಪ್ಪ.

"ಮರಿಯಂಗಲ್ಲ ಕಣ್ಲೇ, ಟಗರಿನಂಗೆ!"

"ಬ್ಯಾ!"

ಗುಂಪು ನಕ್ಕಿತು. ಕ್ಯಾತಪ್ಪನೂ ನಕ್ಕ. "ಏನಿದು?" ಎಂದು ಸರ್ವಮಂಗಳಾ ಕೇಳಿದಾಗ ಓಬಳೇಶ ವಿನಯದಿಂದಲೇ ಹೇಳಿದ: "ಆಟ ಅಮ್ಮೋರೆ." ಅವಳು ಕ್ಯಾತಪ್ಪನ ಮುಖ ನೋಡಿದಳು, ಅವನೂ "ಆಟ" ಎಂದ. ನಗುತ್ತಿರುವ ಮಗುವಿಗೆ ನೋವಿದೆಯೆಂದು ಅವಳಿಗೆ ತೋಚಲಿಲ್ಲ. ಮಣ್ಣು ಕೊಡವಿಕೊಳ್ಳಿ ಎಂದಷ್ಟೇ ಹೇಳಿ ಮುಂದೆ ನಡೆದಳು.

ಆದರೆ ಅವಳು ಆ ದಾರಿಯಲ್ಲಿ ಮತ್ತೆ ಮತ್ತೆ ನಡೆದಳು. ಏರಿಯ ಮೇಲೆ ಬೇರೆ ಆಟಗಳೂ ನಡೆಯುತ್ತಿದ್ದವು. ಚಿಣ್ಣಿದಾಂಡಿನಲ್ಲಿ ಹೊಡೆಯುತ್ತಿದ್ದವನು ಸ್ವಲ್ಪ ಹೊತ್ತಿಗೆ ಹೆಕ್ಕುವವನಾಗುತ್ತಿದ್ದ. ಯುದ್ಧದಾಟದಲ್ಲಿ ನಿನ್ನೆ ಜರ್ಮನಿಯಾಗಿ ಸತ್ತು ಬಿದ್ದಿದ್ದವನು ಇಂದು ಇಂಗ್ಲೆಂಡ್ ಆಗಿ ಬಾಂಬು ಹಾಕುತ್ತಿದ್ದ. ಕುರಿಯಾಟದಲ್ಲಿ ಕೋಲು ಹಿಡಿಯುವವರು, ಹುಲ್ಲು ತೋರಿಸುವವರು, ಬೇಲಿಯಾಗಿ ನಿಲ್ಲುವವರು ಬದಲಾಗುತ್ತಿದ್ದರು. ಕುರಿ ಮಾತ್ರ ಬದಲಾಗುತ್ತಿರಲಿಲ್ಲ. ಇದನ್ನು ಕಂಡುಕೊಂಡ ಮೇಲೆ ಅವಳಿಗೆ ಆ ನಗು ಬೇರೆಯಾಗಿ ಕಂಡಿತು. ಅವನು ಎಲ್ಲರಿಗಿಂತ ಮೊದಲು ನಗಲು ಆರಂಭಿಸುತ್ತಿದ್ದ, ಎಲ್ಲರಿಗಿಂತ ಮೊದಲು ನಿಲ್ಲಿಸುತ್ತಿದ್ದ.

ಮರುದಿನ ಅವಳು ಪರ್ವತಯ್ಯನವರಿಗೆ ವಿಷಯವನ್ನು ಕ್ರಮವಾಗಿ ತಿಳಿಸಿದಳು. ಅವರು ಗಂಭೀರವಾಗಿ ಕೇಳಿದರು. ಪಟೇಲರ ಮಗನೆಂದು ಹಿಂಜರಿಯಲಿಲ್ಲ. ಇದು ಅವರ ಬಗ್ಗೆ ಹೇಳಲೇಬೇಕಾದ ಮಾತು. ಆದರೆ ಅವರಿಗೆ ಗೊತ್ತಿದ್ದ ನ್ಯಾಯ ಒಂದೇ. ಕ್ಯಾತಪ್ಪನನ್ನೂ ಓಬಳೇಶನನ್ನೂ ತರಗತಿಯ ಮುಂದೆ ಕರೆದು ನಿಲ್ಲಿಸಿ, "ಕ್ಯಾತಪ್ಪ, ಇವನ ಮೂಗು ಹಿಡಿದು ಹೊಡಿ" ಎಂದರು.

ಕ್ಯಾತಪ್ಪ ಅಲುಗಲಿಲ್ಲ.

"ಹೊಡಿಯೋ. ಅವನು ನಿನಗೆ ಮಾಡಿದ್ದಕ್ಕೆ ಲೆಕ್ಕ ಸರಿಹೋಗಬೇಕು."

ಕ್ಯಾತಪ್ಪ ಓಬಳೇಶನ ಮೂಗಿಗೆ ಬೆರಳು ಮುಟ್ಟಿಸಿ, ಕೆನ್ನೆಯನ್ನು ಸವರಿದಂತೆ ಹೊಡೆದ.

"ಇದು ಹೊಡೆತವೇನೋ?" ಎಂದು ಪರ್ವತಯ್ಯನವರು ಕ್ಯಾತಪ್ಪನ ಕೆನ್ನೆಗೆ ಬಾರಿಸಿದರು. "ಹೀಗೆ. ಈಗ ಹೊಡಿ."

ಎರಡನೆಯ ಸಲ ಅವನು ಗಟ್ಟಿಯಾಗಿ ಹೊಡೆದ. ಪರ್ವತಯ್ಯನವರು ಕೈ ಒರೆಸಿಕೊಂಡು, "ಸರಿಹೋಯಿತು. ಇಬ್ಬರೂ ಕೂತುಕೊಳ್ಳಿ" ಎಂದರು. ತಟ್ಟಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸರ್ವಮಂಗಳೆಗೆ ತಾನು ಯಾವುದನ್ನು ನಿಲ್ಲಿಸಲು ಹೋಗಿದ್ದೆನೋ ಅದು ಈಗ ದುಪ್ಪಟ್ಟಾಯಿತೆಂದು ಅರ್ಥವಾಯಿತು. ಎಷ್ಟರ ಮಟ್ಟಿಗೆ ಎಂಬುದು ಸಾಯಂಕಾಲ ತಿಳಿಯಿತು.

ಅಂದು ಬೊಮ್ಮಪ್ಪ ಮನೆಯಿಂದ ಉಣ್ಣೆ ಕತ್ತರಿಸುವ ಕತ್ತರಿಯನ್ನು ತಂದಿದ್ದ. "ಗೊರ್ರೆಗೆ ಉಣ್ಣೆ ಜಾಸ್ತಿ ಆಗೈತೆ" ಎಂದು ಓಬಳೇಶ ಹೇಳಿದ. ಕೆಲವರು ಕೈಕಾಲು ಹಿಡಿದರು, ಕೆಲವರು ಬೇಲಿಯಾಗಿ ನಿಂತರು, ಉಳಿದವರು ನೋಡಿದರು. ಕ್ಯಾತಪ್ಪನ ತಲೆಯ ಒಂದು ಪಕ್ಕದ ಕೂದಲು ಹೋಯಿತು. ನೋಡುತ್ತಿದ್ದವರಲ್ಲಿ ಕದರಮ್ಮ ಎಂಬ ಹುಡುಗಿಯೂ ಇದ್ದಳು. ಶನಿವಾರದ ಸಾಲು ಮೊದಲು ನಿಲ್ಲುವಾಗ ಅವಳ ಜಾಗ ಕ್ಯಾತಪ್ಪನ ಪಕ್ಕದಲ್ಲಿಯೇ. ಅವಳು ಆ ಸಾಯಂಕಾಲ ನಗಲಿಲ್ಲ, ಮಾತೂ ಆಡಲಿಲ್ಲ.

ಮರುದಿನದಿಂದ ಕ್ಯಾತಪ್ಪ ಶಾಲೆಗೆ ಬರಲಿಲ್ಲ.

ಸರ್ವಮಂಗಳಾ ಹಟ್ಟಿಗೆ ಹೋದಳು. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು ಒಳಗೆ ಬರಬೇಕೆಂಬುದು ಅಲ್ಲಿನ ಕಟ್ಟು. ಅವಳು ಬಿಟ್ಟು ಬಂದಳು. ಕ್ಯಾತಪ್ಪನ ತಾಯಿ ಜುಂಜಮ್ಮ ಕುರಿಗಳನ್ನು ಕೂಡುವ ರೊಪ್ಪದ ಮುಂದೆ ಗುಡಿಸುತ್ತಿದ್ದವಳು ಕಸಬರಿಕೆಯನ್ನು ಕೆಳಗಿಟ್ಟು ನೆರಳಿಗೆ ಚಾಪೆ ಹಾಕಿದಳು. ಮಗನ ತಲೆಯ ಉಳಿದರ್ಧವನ್ನು ಅವಳೇ ಬೋಳಿಸಿ ಸಮ ಮಾಡಿದ್ದಳು. ಅಮ್ಮೋರನ್ನು ಕಂಡು ಕ್ಯಾತಪ್ಪ ಕುರಿಗಳ ಮಧ್ಯಕ್ಕೆ ಸರಿದು ನಿಂತ.

"ಬನ್ರವ್ವಾ, ಕೂತ್ಕಳಿ. ಮಜ್ಜಿಗೆ ಕುಡೀತೀರಾ?"

"ಆಮೇಲೆ ಕುಡಿತೀನಿ. ಕ್ಯಾತಪ್ಪನನ್ನ ಯಾಕೆ ಕಳಿಸ್ತಿಲ್ಲ ಅಂತ ನಾನು ಕೇಳೋ ಹಾಗಿಲ್ಲ. ನನಗೆ ಗೊತ್ತಿದೆ."

"ಗೊತ್ತಿದ್ರೆ ಒಳ್ಳೇದಾಯ್ತು ಬುಡಿ. ನಂಗೆ ಗೊತ್ತಿರ್ನಿಲ್ಲ. ಕಂಬಳಿ ಯಾಕ್ಲಾ ಇಂಗ್ ಹರಿದದೆ ಅಂದ್ರೆ ಬೇಲಿ ಅಂತಿದ್ದ. ಮಂಡಿ ಯಾಕ್ಲಾ ತರ್ಚದೆ ಅಂದ್ರೆ ಬಿದ್ದೆ ಅಂತಿದ್ದ. ಅರ್ಧ ತಲೆ ಬೋಳು ಮಾಡ್ಸಿಕೊಂಡ್ ಬಂದ್ಮ್ಯಾಲೆ ಏನಂತಾನೆ? ಬೇಲಿ ಕತ್ತರಿಸ್ತು ಅಂತಾನಾ?"

"ಅವನು ಕಲಿಯೋ ಹುಡುಗ."

"ಕಲೀಲಿ ಅಂತ್ಲೇ ಕಳ್ಸಿದ್ದು ಕಣವ್ವ. ಸರ್ಕಾರಿ ಕಾವಲ್ನಾಗೆ ಕುರಿ ಮೇಯ್ಸಾಕೆ ಕಾಡಿನ ಗಾರ್ಡಪ್ಪ ಚೀಟಿ ಕೊಡ್ತಾನೆ. ಅದ್ರಾಗೆ ಏನೈತೋ ಈ ಹಟ್ಟೀಲಿ ಒಬ್ರಿಗೂ ತಿಳೀದು. ಅವ್ನು ಓದಿದ್ದೇ ನಿಜ, ನಾವು ತಲೆ ಆಡ್ಸಿದ್ದೇ ಒಪ್ಗೆ. ಇವ್ನೊಬ್ಬ ಓದ್ಲಿ ಅಂತ ಹಟ್ಟೀಗೆ ಹಟ್ಟೀನೇ ಕಾಯ್ಕಂಡೈತೆ. ಅಂಗಂತ ಮಗೀನ ಕುರಿ ಮಾಡ್ಕೊಂಡು ಓದ್ಸನಾ?" ಅವಳು ನೇರವಾಗಿ ಕೇಳಿದಳು: "ಇನ್ಮ್ಯಾಲೆ ಇಂಗಾಗಾಕಿಲ್ಲ ಅಂತ ನೀವು ಮಾತು ಕೊಡ್ತೀರಾ?"

ಸರ್ವಮಂಗಳಾ ಆಲೋಚಿಸಿದಳು. ಮಾತು ಕೊಡುವುದು ಸುಲಭವಾಗಿತ್ತು. ಅದಕ್ಕೆ ಆಧಾರವೇನೂ ಇರಲಿಲ್ಲ. "ಕೊಡೋಕಾಗಲ್ಲ ಜುಂಜಮ್ಮ. ಪ್ರಯತ್ನ ಮಾಡ್ತೀನಿ ಅಂತ ಮಾತ್ರ ಹೇಳಬಲ್ಲೆ."

ಜುಂಜಮ್ಮನಿಗೆ ಈ ಉತ್ತರ ಸಮಾಧಾನ ತಂದಿತೋ ಇಲ್ಲವೋ ಹೇಳುವುದು ಕಷ್ಟ. ಅವಳು ಮಗನ ಕಡೆ ನೋಡಿದಳು. "ಸನಿವಾರ ಒಂದಿನ ಕಳಿಸ್ತೀನಿ. ಅವತ್ತೇ ಅಲ್ವಾ ಜಾಸ್ತಿ ಹೊಡ್ಸಿಕೊಳ್ಳಾದು? ಬಂದ್ಮ್ಯಾಲೆ ಅವ್ನ ಮಕ ನೋಡ್ತೀನಿ. ನಂಗೆ ಸರಿ ಕಂಡ್ರೆ ಆಯ್ತು. ಇಲ್ಲಾಂದ್ರೆ ಸೋಮಾರದಿಂದ ಕೋಲು ಅವ್ನ ಕೈಗೆ, ಕುರಿ ಅವ್ನ ಮುಂದೆ. ಆಮ್ಯಾಲೆ ನೀವು ಬರ್ಬ್ಯಾಡಿ, ನಂಗೆ ಇಲ್ಲ ಅನ್ನಾಕೆ ಕಷ್ಟ ಆಯ್ತದೆ."

ಶನಿವಾರಕ್ಕೆ ಮುಂಚಿನ ಮಧ್ಯಾಹ್ನ ಸರ್ವಮಂಗಳಾ ನಾಲ್ಕನೆಯ ತರಗತಿಯಲ್ಲಿ ಪಾಠದ ಪುಸ್ತಕವನ್ನು ತೆರೆಯಲಿಲ್ಲ. ಕ್ಯಾತಪ್ಪ ಬಂದಿರಲಿಲ್ಲ, ಓಬಳೇಶ ಎಂದಿನಂತೆ ಮುಂದೆ ಕುಳಿತಿದ್ದ. ಯಾರ ಹೆಸರನ್ನೂ ಹೇಳಬಾರದೆಂದು ಅವಳು ಮೊದಲೇ ನಿರ್ಧರಿಸಿದ್ದಳು. ನಿಮಗೆ ಗೊತ್ತಿರುವ ಆಟಗಳನ್ನು ಹೇಳಿ ಎಂದಳು. ಒಮ್ಮೆಲೇ ಗದ್ದಲವೆದ್ದಿತು.

"ಚಿಣ್ಣಿದಾಂಡು!"

"ಕಳ್ಳ ಪೋಲೀಸು!"

"ಜರ್ಮನಿ!"

"ಕಳ್ಳ ಪೋಲೀಸಿನಲ್ಲಿ ಕಳ್ಳ ಯಾರಾಗ್ತಾರೆ?" ಎಂದು ಅವಳು ಕೇಳಿದಳು.

"ಸಿಕ್ಕಾಕ್ಕೊಂಡೋರು ಆಗ್ತಾರೆ ಅಮ್ಮೋರೆ. ಆಮ್ಯಾಲೆ ಇನ್ನೊಬ್ರು."

"ಒಬ್ಬನೇ ಯಾವಾಗ್ಲೂ ಕಳ್ಳ ಆಗಿದ್ರೆ?"

"ಅವ್ನು ಬರಾಕಿಲ್ಲ ಆಟಕ್ಕೆ!" ಎಂದು ಬೋರಣ್ಣ ಎಂಬ ಹುಡುಗ ಹೇಳಿದ; ಎಲ್ಲರೂ ನಕ್ಕರು.

"ಬರದೇ ಇರೋಕಾಗದಿದ್ರೆ? ಅವನ ಮನೆಗೆ ಅದೊಂದೇ ದಾರಿ ಆಗಿದ್ರೆ?"

ನಗು ನಿಂತಿತು. ಯಾವ ದಾರಿಯೆಂಬುದು ಎಲ್ಲರಿಗೂ ತಿಳಿಯಿತು. ಓಬಳೇಶ ಎದ್ದು ನಿಂತ. ಅವನಿಗೆ ಧೈರ್ಯದ ಕೊರತೆಯಿರಲಿಲ್ಲ. "ಅವ್ನೇ ಒಪ್ಕೊಂಡವ್ನೆ ಅಮ್ಮೋರೆ. ಅವ್ನೂ ನಗ್ತಾನೆ. ಬೇಕಾರೆ ಇವ್ರನ್ನೆಲ್ಲ ಕೇಳಿ."

ಕದರಮ್ಮ ಕುಳಿತಲ್ಲಿಂದಲೇ ಹೇಳಿದಳು: "ಹೆಡ್‌ಮೇಷ್ಟ್ರು ಹೊಡ್ದಾಗ ನಾನೂ ನಗ್ತೀನಿ. ಅತ್ರೆ ಇನ್ನೊಂದು ಬೀಳ್ತದೆ ಅಂತ."

ಸರ್ವಮಂಗಳಾ ಎಲ್ಲರ ಕಡೆ ತಿರುಗಿದಳು. ಸರದಿ ಬದಲಾಗುತ್ತದೆಯೇ, ಬೇಡವೆಂದಾಗ ಬಿಡುತ್ತಾರೆಯೇ? ಈ ಎರಡನ್ನು ನೋಡಿದರೆ ಆಟ ಯಾವುದು, ಆಟವಲ್ಲದ್ದು ಯಾವುದು ಎಂಬುದು ಗೊತ್ತಾಗುತ್ತದೆ ಎಂದಳು. ಹಿಂಸೆ ಮಾಡುವವನಿಗೆ ನೋಡುವವರು ಬೇಕು, ನೋಡಿ ನಗುವವರು ಇನ್ನೂ ಹೆಚ್ಚಾಗಿ ಬೇಕು ಎಂದಳು. ನಗದೆ ಇರಬಹುದು, ಹೋಗಿ ಅವನ ಪಕ್ಕದಲ್ಲಿ ನಿಲ್ಲಬಹುದು, ಜೊತೆಯಲ್ಲಿ ಮನೆಗೆ ನಡೆಯಬಹುದು, ದೊಡ್ಡವರಿಗೆ ಹೇಳಬಹುದು. ಕೇಳಿಸಿಕೊಂಡ ದೊಡ್ಡವರು ತಪ್ಪು ಮಾಡಿದರೆ ಮತ್ತೊಮ್ಮೆ ಹೇಳಬಹುದು. "ನಾನು ಒಂದು ಸಲ ತಪ್ಪು ಮಾಡಿದೆ," ಎಂದೂ ಹೇಳಿದಳು.

"ಅಮ್ಮೋರೆ," ಎಂದಳು ಕದರಮ್ಮ, "ಹೊಡೆಯೋರು ನಾವೇ ಆದ್ರೆ?"

"ಅಂದ್ರೆ?"

"ಸನಿವಾರ. ನಾನು ಲೆಕ್ಕ ಹೇಳಿದ್ರೆ ಅವ್ನಿಗೆ ಹೊಡೀಬೇಕು. ಮೆಲ್ಲಗೆ ಹೊಡದ್ರೆ ನಂಗೆ ಬೀಳ್ತದೆ."

ಸರ್ವಮಂಗಳಾ ಈ ಸಾಲಿನ ವಿಷಯವನ್ನು ಆ ಬೆಳಿಗ್ಗೆಯಷ್ಟೇ ಪರ್ವತಯ್ಯನವರ ಮುಂದೆ ಎತ್ತಿದ್ದಳು. "ನನ್ನ ಶಾಲೆಗೆ ಬಂದು ಎಷ್ಟು ದಿನವಾಯಿತಮ್ಮ ನೀವು?" ಎಂದು ಅವರು ಮೃದುವಾಗಿಯೇ ಕೇಳಿ ಮಾತು ಮುಗಿಸಿದ್ದರು. ಅದನ್ನು ಮಕ್ಕಳ ಮುಂದೆ ಹೇಳುವಂತಿರಲಿಲ್ಲ. "ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕದರಮ್ಮ," ಎಂದಳು. ಮಕ್ಕಳು ಆಶ್ಚರ್ಯದಿಂದ ಅವಳನ್ನು ನೋಡಿದರು. ಉಪಾಧ್ಯಾಯರ ಬಾಯಿಂದ ಅವರು ಕೇಳಿರದ ಮಾತು ಅದು.

ಉತ್ತರವನ್ನು ಕದರಮ್ಮ ಶಾಲೆ ಬಿಟ್ಟ ಮೇಲೆ ಹೊಂಗೆಮರದ ಕೆಳಗೆ ಕಂಡುಕೊಂಡಳು. "ನಾಳೆ ನಾನು ಬಾಯಿ ಬಿಡಾಕಿಲ್ಲ," ಎಂದಳು.

"ಗೊತ್ತಿದ್ರೂನಾ?" ಎಂದ ಬೋರಣ್ಣ.

"ಗೊತ್ತಿದ್ರೂನೂವೆ. ಹೇಳಿದ್ರೆ ತಾನೆ ಹೊಡೆಯಾದು? ಹೇಳ್ದಿದ್ರೆ ಹೊಡಿಯಂಗೇ ಇಲ್ಲ."

"ನಿನ್ ಮುಂದ್ಲೋನು ನಾನು. ನಾನು ಹೇಳ್ಬುಟ್ರೆ ನಿಂಗೂ ಅವ್ನಿಗೂ ಇಬ್ರಿಗೂ ಹೊಡೀಬೇಕು."

"ಹೊಡಿ. ಯಾರ್ ಬ್ಯಾಡ ಅಂದೋರು?"

ಬೋರಣ್ಣ ತಲೆ ಕೆರೆದುಕೊಂಡ. "ನಿಂಗೆ ಹೊಡದ್ರೆ ನಿಮ್ಮವ್ವ ನಮ್ಮನೇತಂಕ ಬಂದು ಬಯ್ತಾಳೆ" ಎಂದ. ಅವನು ಮಾತು ಕೊಡಲಿಲ್ಲ. ಅಲ್ಲಿ ನಿಂತಿದ್ದ ಬೇರೆಯವರೂ ಕೊಡಲಿಲ್ಲ. ಈ ಸಂಗತಿ ಸರ್ವಮಂಗಳೆಗೆ ತಿಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಕ್ಯಾತಪ್ಪ ತಲೆಗೆ ಬಟ್ಟೆ ಸುತ್ತಿಕೊಂಡು ಬಂದ. ತರಗತಿಯಲ್ಲಿ ಬಟ್ಟೆ ಸುತ್ತಿಕೊಂಡಿರಬಾರದೆಂದು ಪರ್ವತಯ್ಯನವರು ಹೇಳಿದಾಗ ಬಿಚ್ಚಿದ. ಬೊಮ್ಮಪ್ಪ "ಬ್ಯಾ" ಎಂದು ಉಸುರಿದ. ಯಾರೂ ನಗಲಿಲ್ಲವಾದ್ದರಿಂದ ಆ ಸದ್ದು ಪೂರ್ತಿಯಾಗಿ ಕೇಳಿಸಿತು, ಮತ್ತು ಪರ್ವತಯ್ಯನವರು ಬೊಮ್ಮಪ್ಪನನ್ನು ನೋಡಿದರು. ಆಮೇಲೆ ಸಾಲು ನಿಂತಿತು: ಪಟದ ಕೆಳಗೆ ಓಬಳೇಶ, ಅವನ ಪಕ್ಕದಲ್ಲಿ ಬೊಮ್ಮಪ್ಪ, ನಡುವೆ ಉಳಿದವರು, ಕೊನೆಯಲ್ಲಿ ಬೋರಣ್ಣ, ಕದರಮ್ಮ, ಬಾಗಿಲ ಪಕ್ಕದಲ್ಲಿ ಕ್ಯಾತಪ್ಪ.

"ಹದಿಮೂರು ಮುಕ್ಕಾಲು?" ಹದಿಮೂರರ ಮುಕ್ಕಾಲು ಪಾಲು ಎಷ್ಟೆಂಬುದು ಪ್ರಶ್ನೆ.

ಕ್ಯಾತಪ್ಪ ನೆಲ ನೋಡಿದ.

ಪರ್ವತಯ್ಯನವರ ಬೆರಳು ಕದರಮ್ಮನ ಕಡೆ ತಿರುಗಿತು. ಅವಳು ಅವರ ಮುಖವನ್ನೇ ನೋಡುತ್ತ ಸುಮ್ಮನೆ ನಿಂತಳು.

"ಏನಮ್ಮ, ನಿನಗೂ ಮರೆತುಹೋಯಿತೆ?"

ಬೆರಳು ಬೋರಣ್ಣನ ಮೇಲೆ ಬಂತು. ಅವನ ತುಟಿ ಒಂದು ಸಲ ತೆರೆಯಿತು, ಅವನು ಪಕ್ಕಕ್ಕೆ ನೋಡಿದ, ತುಟಿ ಮುಚ್ಚಿಕೊಂಡಿತು. ಅವನ ಮುಂದಿನ ಹುಡುಗಿ ಏನಾಗುತ್ತಿದೆಯೆಂದು ಅರ್ಥವಾಗಿ ಕಣ್ಣನ್ನೇ ಮುಚ್ಚಿಕೊಂಡಳು. ಬೆರಳು ಸಾಲಿನ ಮೇಲೆ ಹತ್ತುತ್ತ ಹೋಯಿತು. ಉತ್ತರ ತಿಳಿದವರು ಸುಮ್ಮನಿದ್ದರು; ತಿಳಿಯದವರೂ ಸುಮ್ಮನಿದ್ದರು; ಯಾರು ಯಾವ ಗುಂಪಿನವರೆಂದು ಹೇಳುವಂತಿರಲಿಲ್ಲ. ಬೊಮ್ಮಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಎಂಟೂವರೆ" ಎಂದು ಊಹೆ ಮಾಡಿ ಸೋತ.

"ಒಂಬತ್ತು ಮುಕ್ಕಾಲು," ಎಂದ ಓಬಳೇಶ.

"ಸರಿ. ಎಲ್ಲರಿಗೂ ಹೊಡಿ," ಎಂದರು ಪರ್ವತಯ್ಯನವರು. ಅವರ ಮುಖ ಕೆಂಪಾಗಿತ್ತು. ಇಡೀ ಸಾಲು ಸೋತದ್ದು ಅವರ ಕಾಲದಲ್ಲಿ ಇದೇ ಮೊದಲು.

ತಟ್ಟಿಯ ಆಚೆ ಸರ್ವಮಂಗಳಾ ಮಗ್ಗಿ ಹೇಳಿಸುವುದನ್ನು ನಿಲ್ಲಿಸಿದ್ದಳು. ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟಳು. ಹೋಗಿ ಏನು ಹೇಳಬೇಕೆಂದು ತೋಚದೆ ತಟ್ಟಿಯ ಪಕ್ಕದಲ್ಲಿಯೇ ನಿಂತಳು.

ಓಬಳೇಶ ಮೊದಲು ಬೊಮ್ಮಪ್ಪನ ಮೂಗು ಹಿಡಿಯಬೇಕಾಯಿತು. "ಮೆಲ್ಲಗೆ ಲೇ," ಎಂದ ಬೊಮ್ಮಪ್ಪ ಮೂಗಿನಲ್ಲಿಯೇ. ಹೊಡೆತ ಗಟ್ಟಿಯಾಗಿಯೇ ಬಿತ್ತು, ಪರ್ವತಯ್ಯನವರು ನೋಡುತ್ತಿದ್ದರು. ಆಮೇಲೆ ಮುಂದಿನವನು. ಆಮೇಲೆ ಅವನ ಮುಂದಿನವಳು. ಕ್ಯಾತಪ್ಪನಿಗೆ ಹೊಡೆಯುವಾಗ ಸುತ್ತಲೂ ಒಂದು ಸಣ್ಣ ನಗೆ ಏಳುತ್ತಿದ್ದುದು ಓಬಳೇಶನಿಗೆ ಅಭ್ಯಾಸವಾಗಿತ್ತು. ಈಗ ನಗಬೇಕಾದವರೆಲ್ಲ ಸಾಲಿನಲ್ಲಿ ನಿಂತು ತಮ್ಮ ಸರದಿಗೆ ಕಾಯುತ್ತಿದ್ದರು. ಹೊಡೆಸಿಕೊಂಡವರೂ ಅಳಲಿಲ್ಲ, ಅವನನ್ನೇ ನೋಡುತ್ತಿದ್ದರು. ಸಾಲಿನ ಮಧ್ಯಕ್ಕೆ ಬರುವ ಹೊತ್ತಿಗೆ ಅವನ ಅಂಗೈ ಉರಿಯತೊಡಗಿತ್ತು. ಒಂದು ಹೊಡೆತ ಮೆತ್ತಗಾಯಿತು.

"ಇದು ಹೊಡೆತವೇನೋ?" ಪರ್ವತಯ್ಯನವರ ಕೈ ಓಬಳೇಶನ ಕೆನ್ನೆಯ ಮೇಲೆ ಬಿತ್ತು. "ಹೀಗೆ."

ಅವನು ಮುಂದುವರಿಸಿದ. ಬೋರಣ್ಣನಿಗೆ ಹೊಡೆದ, ಕದರಮ್ಮನಿಗೆ ಹೊಡೆದ. ಕೊನೆಗೆ ಕ್ಯಾತಪ್ಪನ ಮುಂದೆ ನಿಂತಾಗ ಅವನ ಕೈಯಲ್ಲಿ ವಿಶೇಷವಾಗಿ ಏನೂ ಉಳಿದಿರಲಿಲ್ಲ. ಎಲ್ಲರಿಗೂ ಬಿದ್ದಷ್ಟೇ ಕ್ಯಾತಪ್ಪನಿಗೂ ಬಿತ್ತು. ಓಬಳೇಶ ಕೈಯನ್ನು ಚಡ್ಡಿಗೆ ಒರೆಸುತ್ತ ತಲೆಗೆ ಹಿಂತಿರುಗಿದ.

"ಹದಿನೈದು ಮುಕ್ಕಾಲು?" ಪ್ರಶ್ನೆ ಮತ್ತೆ ಬಾಗಿಲ ಪಕ್ಕದಿಂದ ಹೊರಟಿತು.

ಕ್ಯಾತಪ್ಪ ಪಕ್ಕಕ್ಕೆ ನೋಡಿದ. ಕದರಮ್ಮನ ಕೆನ್ನೆಯ ಮೇಲೆ ಬೆರಳುಗಳ ಗುರುತು ಎದ್ದಿತ್ತು. ಅವಳು ಈ ಸಲವೂ ಹೇಳುವುದಿಲ್ಲವೆಂಬುದು ಅವಳ ಬಿಗಿದ ತುಟಿಯಿಂದಲೇ ಗೊತ್ತಾಗುತ್ತಿತ್ತು. ಬೋರಣ್ಣನೂ ಹೇಳುವುದಿಲ್ಲ. ತಾನು ಸುಮ್ಮನಿದ್ದರೆ ಏಟು ಮತ್ತೆ ಸಾಲಿನ ಉದ್ದಕ್ಕೂ ಬರುತ್ತದೆ.

"ಹನ್ನೊಂದೂಕಾಲು."

"ಜೋರಾಗಿ!"

"ಹನ್ನೊಂದೂಕಾಲು ಸಾ."

ಅವನಿಗಿಂತ ಕೆಳಗೆ ಯಾರೂ ಇರಲಿಲ್ಲ, ಹೊಡೆಯಲು ಕೆನ್ನೆಯಿರಲಿಲ್ಲ. "ತಲೆಗೆ ಹೋಗು," ಎಂದರು ಪರ್ವತಯ್ಯನವರು. ಕ್ಯಾತಪ್ಪ ಸಾಲಿನ ಮುಂದೆ ನಡೆದು ಪಟದ ಕೆಳಗೆ ಹೋದ. ಓಬಳೇಶ ಸರಿದು ಜಾಗ ಕೊಟ್ಟ. ಅವನ ತುಟಿ ಅಲುಗಿತು, ಆದರೆ ಮಾತು ಬರಲಿಲ್ಲ. ಸಾಲಿಗೆ ಸಾಲೇ ಓಬಳೇಶನ ಕಡೆ ತಿರುಗಿ ನೋಡುತ್ತಿತ್ತು.

ಮುಂದಿನ ಪ್ರಶ್ನೆ ಈಗ ಬಾಲವಾಗಿದ್ದ ಕದರಮ್ಮನಿಂದ ಹೊರಟಿತು. ಅವಳು ತಡವಿಲ್ಲದೆ ಉತ್ತರಿಸಿದಳು. ಆಮೇಲೆ ಬೋರಣ್ಣ. ಬಾಲದಲ್ಲಿ ನಿಂತವರೇ ಹೇಳಿ ತಲೆಗೆ ಹೋಗುತ್ತಿದ್ದುದರಿಂದ ಸಾಲು ಏಟಿಲ್ಲದೆ ನಿಧಾನವಾಗಿ ಸುತ್ತತೊಡಗಿತು. ಬೊಮ್ಮಪ್ಪ ಬಾಲಕ್ಕೆ ಬರುವ ಮುಂಚೆಯೇ ಗಂಟೆ ಹೊಡೆದದ್ದು ಅವನ ಅದೃಷ್ಟ.

ಮಕ್ಕಳು ಹೋದ ಮೇಲೆ ಪರ್ವತಯ್ಯನವರು ಸರ್ವಮಂಗಳೆಯನ್ನು ಕರೆದರು. "ಮೊದಲ ಪ್ರಶ್ನೆಗೆ ಇವರಿಗೆ ಏನಾಗಿತ್ತು? ಕದರಮ್ಮನಿಗೆ ಮುಕ್ಕಾಲು ಮಗ್ಗಿ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ."

"ಬರುತ್ತಿತ್ತು ಸಾರ್. ಹೇಳಿದ್ದರೆ ಅವಳು ಕ್ಯಾತಪ್ಪನಿಗೆ ಹೊಡೆಯಬೇಕಾಗಿತ್ತು."

ಪರ್ವತಯ್ಯನವರು ಪೇಟವನ್ನು ತಲೆಗಿಟ್ಟುಕೊಂಡು ಎದ್ದರು. ಸಾಲಿನ ಪದ್ಧತಿಯನ್ನು ಅವರು ಕೈಬಿಡಲಿಲ್ಲ. ಅವರ ಕಾಲ ಮುಗಿಯುವವರೆಗೂ ಅದು ನಡೆಯಿತು. ಹೊಡೆತ ಮೆತ್ತಗಾಯಿತೇ ಎಂದು ಬಗ್ಗಿ ನೋಡುವುದನ್ನು ಮಾತ್ರ ಕ್ರಮೇಣ ಬಿಟ್ಟರು. ಕಣ್ಣು ಮಂಜಾಗಿದೆ ಎಂದು ಕಾರಣ ಹೇಳುತ್ತಿದ್ದರು.

ಆ ಶನಿವಾರ ಇವರಿಬ್ಬರೂ ಮಾತಾಡುತ್ತಿದ್ದ ಹೊತ್ತಿಗೆ ಮಕ್ಕಳು ಕೆರೆಯ ಏರಿಯನ್ನು ತಲುಪಿದ್ದರು. ಶನಿವಾರ ಮಧ್ಯಾಹ್ನ ಶಾಲೆಯಿಲ್ಲ. ಓಬಳೇಶ ಮತ್ತು ಬೊಮ್ಮಪ್ಪ ಮೊದಲೇ ಹೋಗಿ ದಾರಿಗೆ ಅಡ್ಡ ನಿಂತಿದ್ದರು. ಕ್ಯಾತಪ್ಪನ ಒಂದು ಪಕ್ಕದಲ್ಲಿ ಕದರಮ್ಮ, ಇನ್ನೊಂದು ಪಕ್ಕದಲ್ಲಿ ಬೋರಣ್ಣ ನಡೆಯುತ್ತಿದ್ದರು; ಹಿಂದೆ ಇನ್ನೂ ಕೆಲವರು, ಸ್ವಲ್ಪ ದೂರ ಬಿಟ್ಟು, ಏನಾಗುತ್ತದೋ ನೋಡೋಣವೆಂದು.

"ಏಮ್ರಾ ಗೊರ್ರೆ, ತಲೆಗೋಗಿ ನಿಂತ್ಕೊಂಡ್ಯಲ್ಲಾ," ಎಂದ ಬೊಮ್ಮಪ್ಪ. "ಬ್ಯಾ ಅನ್ನು."

ಕ್ಯಾತಪ್ಪ ನಿಂತ. ಈ ಸಲ ಅವನು ನಗಲಿಲ್ಲ. "ಅನ್ನಾಕಿಲ್ಲ," ಎಂದ. ದನಿ ಸಣ್ಣದಾಗಿತ್ತು.

"ಆಟ ಆಡಾನ ಬನ್ರೋ," ಎಂದಳು ಕದರಮ್ಮ. "ಇಷ್ಟ್ ದಿನ ಕ್ಯಾತ ಆದ. ಇವತ್ತು ಕುರಿ ಓಬಳೇಶ."

"ನಾನ್ಯಾಕಮ್ಮೀ ಆಗ್ಲಿ?"

"ಸರದಿ."

"ನಾನಾಗಾಕಿಲ್ಲ."

"ಬೊಮ್ಮ, ನೀನು?"

ಬೊಮ್ಮಪ್ಪ ಇನ್ನೂ ಕೆಂಪಾಗಿದ್ದ ಕೆನ್ನೆಯನ್ನು ಸವರಿಕೊಂಡ. ಅವನು ಓಬಳೇಶನ ಕಡೆ ನೋಡಿದ, ಆಮೇಲೆ ನೀರಿನ ಕಡೆ ನೋಡಿದ. "ನಂಗೆ ಮನೇಲಿ ಕೆಲ್ಸ ಐತೆ," ಎಂದು ಹೊರಟೇಬಿಟ್ಟ.

"ಯಾರೂ ಆಗಾಕಿಲ್ಲ ಅಂದ್ರೆ ಅದು ಆಟ ಅಲ್ಲ ಬುಡು," ಎಂದ ಬೋರಣ್ಣ. ಹಿಂದೆ ದೂರದಲ್ಲಿದ್ದವರು ಹತ್ತಿರ ಬಂದಿದ್ದರು. ಓಬಳೇಶ ಇನ್ನೂ ಸ್ವಲ್ಪ ಹೊತ್ತು ಅಡ್ಡ ನಿಂತಿದ್ದ. ಕೈಯಲ್ಲಿದ್ದ ಕೋಲಿನಿಂದ ಏರಿಯ ಕಲ್ಲಿಗೆ ಒಂದೆರಡು ಸಲ ಬಡಿದ. ಯಾರೂ ಓಡಲಿಲ್ಲ, ಯಾರೂ ನಗಲಿಲ್ಲ. ಅವನು ಪಕ್ಕಕ್ಕೆ ಸರಿದ, ಮಕ್ಕಳು ಹಾದುಹೋದರು. ಸೋಮವಾರ ಅವನು ಏನು ಮಾಡುತ್ತಾನೆಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜುಂಜಮ್ಮ ಬೇಲಿಯ ಬಾಯಲ್ಲಿ ಕಾಯುತ್ತಿದ್ದಳು. ಮಗ ಹತ್ತಿರ ಬಂದೊಡನೆ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಕೆನ್ನೆಯ ಮೇಲಿನ ಗುರುತು ಸ್ಪಷ್ಟವಾಗಿತ್ತು. ಅವಳ ಮುಖ ಗಟ್ಟಿಯಾಯಿತು.

"ಹೊಡ್ದವ್ರೆ."

"ಊಂ. ಎಲ್ರಿಗೂ ಹೊಡದ್ರು ಕಣವ್ವ."

"ಎಲ್ರಿಗೂ ಅಂದ್ರೆ?"

ಕ್ಯಾತಪ್ಪ ಹಿಂದಕ್ಕೆ ಕೈ ತೋರಿಸಿದ. ಜುಂಜಮ್ಮ ಕದರಮ್ಮನನ್ನು ಕರೆದು ಗಲ್ಲ ಹಿಡಿದು ತಿರುಗಿಸಿದಳು. ಆಮೇಲೆ ಬೋರಣ್ಣನನ್ನು. ಆಮೇಲೆ ಉಳಿದವರನ್ನು. ಚಪ್ಪಲಿಯಿಲ್ಲದ ಮಕ್ಕಳು ಬೇಲಿಯ ಹೊರಗೆ ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು, ಸಂತೆಯ ಕುರಿಗಳಂತೆ ಮುಖ ತೋರಿಸಿದರು.

"ಇದೇನ್ರೇ ಇದು, ಊರಿಗೆಲ್ಲ ಒಂದೇ ಕೆನ್ನೆ?"

"ನಾವು ಲೆಕ್ಕ ಹೇಳ್ನಿಲ್ಲ ಅಜ್ಜೀ," ಎಂದ ಬೋರಣ್ಣ.

"ಯಾರ್ಲಾ ಅಜ್ಜಿ? ಗೊತ್ತಾಗ್ನಿಲ್ವಾ ಲೆಕ್ಕ?"

"ಗೊತ್ತಿತ್ತು. ಹೇಳ್ನಿಲ್ಲ."

"ಯಾಕೆ?"

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಕ್ಯಾತಪ್ಪನೇ ಹೇಳಿದ: "ಆಮ್ಯಾಲೆ ನಾನು ಹೇಳ್ದೆ ಕಣವ್ವ. ತಲೆಗೋದೆ. ಏರಿ ಮ್ಯಾಲೆ ಇವ್ರೂ ನನ್ ಜೊತೇಗೇ ಬಂದ್ರು."

ಜುಂಜಮ್ಮ ಮಗನ ಮುಖವನ್ನು ಇನ್ನೊಮ್ಮೆ ನೋಡಿದಳು. ಈ ಸಲ ಕೆನ್ನೆಯನ್ನಲ್ಲ. ಒಳಗೆ ಹೋಗಿ ಮಜ್ಜಿಗೆಯ ಗಡಿಗೆಯನ್ನು ತಂದಳು. ಮಕ್ಕಳು ಬೊಗಸೆಯೊಡ್ಡಿ ಕುಡಿಯುತ್ತಿರುವಾಗ ರೊಪ್ಪದ ಕಡೆ ಕಣ್ಣು ಹಾಯಿಸಿ, ತನಗೇ ಹೇಳಿಕೊಳ್ಳುವವಳಂತೆ ಹೇಳಿದಳು:

"ಸೋಮಾರ ಕುರಿ ನಾನೇ ಬುಟ್ಕೊಂಡ್ ಹೋಗ್ತೀನಿ. ನೀನು ಹೊತ್ತಾರೆ ಎದ್ದು ಇಸ್ಕೂಲಿಗೆ ಹೋಗು."